ಮಿದುಳಿನಲ್ಲಿ ಸತು: ನೆನಪಿಗೆ ಬೇಕು ಹದ

ಛಾವಣಿಯ ತಗಡಿಗೆ ತುಕ್ಕು ಹಿಡಿಯದಂತೆ ಕಾಯುವ ಸತು, ಅಂದರೆ ಜಿಂಕ್, ಮನುಷ್ಯನ ಮಿದುಳಿನಲ್ಲಿಯೂ ಇದೆ. ಕಲಿಕೆ ಮತ್ತು ನೆನಪಿಗೆ ಆಧಾರವಾದ ನರಕೋಶಗಳ ಸಂವಹನವನ್ನು ಹದದಲ್ಲಿಡುವುದು ಅದರ ಕೆಲಸಗಳಲ್ಲೊಂದು. ಹಾಗೆಂದು ಜಿಂಕ್ ಮಾತ್ರೆ ನುಂಗಿದರೆ ನೆನಪಿನ ಶಕ್ತಿ ಹೆಚ್ಚುತ್ತದೆಯೇ? ವಿಜ್ಞಾನ ಹಾಗೆ ಹೇಳುವುದಿಲ್ಲ.

ಸಿನಾಪ್ಸ್ ಎಂದರೇನು?

ಒಂದು ನರಕೋಶವು ಮತ್ತೊಂದಕ್ಕೆ ಸಂದೇಶ ದಾಟಿಸುವ ಸಂಧಿಯೇ ಸಿನಾಪ್ಸ್. ಬಳಕೆಗೆ ತಕ್ಕಂತೆ ಈ ಸಂಧಿ ಬಲಗೊಳ್ಳುವ ಇಲ್ಲವೇ ದುರ್ಬಲಗೊಳ್ಳುವ ಗುಣಕ್ಕೆ 'ಸಿನಾಪ್ಟಿಕ್ ಪ್ಲಾಸ್ಟಿಸಿಟಿ' ಎಂದು ಹೆಸರು. 1973ರಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ ಅವರು ಮೊಲದ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗಕ್ಕೆ ಕ್ಷಿಪ್ರ ವಿದ್ಯುತ್ ಪ್ರಚೋದನೆ ನೀಡಿದಾಗ, ಸಂಧಿಗಳು ಗಂಟೆಗಟ್ಟಲೆ ಬಲಗೊಂಡೇ ಉಳಿದಿದ್ದನ್ನು ವರದಿ ಮಾಡಿದರು. ನೆನಪಿನ ಸಂಶೋಧನೆಗೆ ಈ ಪ್ರಯೋಗ ತಳಪಾಯವಾಯಿತು.

ಸತು ಎಲ್ಲಿರುತ್ತದೆ?

ಮಿದುಳಿನ ಬಹುಪಾಲು ಸತು ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತದೆ. ಉಳಿದ ಸ್ವಲ್ಪ ಭಾಗವು ಕೆಲವು ನರಕೋಶಗಳ ತುದಿಯ ಸೂಕ್ಷ್ಮ ಚೀಲಗಳಲ್ಲಿ, ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕದ ಜತೆ ಶೇಖರವಾಗಿರುತ್ತದೆ. ಹಿಪ್ಪೊಕ್ಯಾಂಪಸ್‌ನ 'ಮಾಸಿ ಫೈಬರ್' ತಂತುಗಳಲ್ಲಿ ಇದರ ಪ್ರಮಾಣ ಹೆಚ್ಚು. ಚೀಲಗಳಿಗೆ ಸತುವನ್ನು ತುಂಬುವ ಪ್ರೋಟೀನ್ ಝಡ್‌ಎನ್‌ಟಿ-3. ನರಕೋಶ ಚುರುಕಾದಾಗ ಈ ಸತು ಹೊರಬರುತ್ತದೆ ಎಂಬುದನ್ನು 1984ರಲ್ಲಿ ಎರಡು ತಂಡಗಳು ತೋರಿಸಿಕೊಟ್ಟವು.

ಎರಡು ಬಗೆಯ ಕೆಲಸ

ಹೊರಬಂದ ಸತು 'ಎನ್‌ಎಂಡಿಎ' ಗ್ರಾಹಕಗಳಿಗೆ ಕಡಿವಾಣ ಹಾಕಬಲ್ಲದು ಎಂಬುದು 1987ರಲ್ಲಿ ತಿಳಿದುಬಂತು. ಈ ಗ್ರಾಹಕಗಳ ಮೂಲಕ ಕ್ಯಾಲ್ಸಿಯಂ ಒಳಬಂದಾಗಲೇ ಅನೇಕ ಸಿನಾಪ್ಸ್‌ಗಳು ಬಲಗೊಳ್ಳುವುದು. ಆದರೆ ಸತುವಿನ ಪಾತ್ರ ಬರೀ ಕಡಿವಾಣದ್ದಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮಾಸಿ ಫೈಬರ್ ಸಂಧಿಗಳಲ್ಲಿ ಅದು ಸಂದೇಶ ಕಳುಹಿಸುವ ಬದಿಯ ಬಲವರ್ಧನೆಗೆ ನೆರವಾಗುತ್ತದೆ. ಸ್ವೀಕರಿಸುವ ಬದಿಯ ಬಲವರ್ಧನೆಯನ್ನು ತಡೆಯುತ್ತದೆ.

ಕೊರತೆಯೂ ಕೆಡುಕು, ಅತಿಯೂ ಕೆಡುಕು

ಝಡ್‌ಎನ್‌ಟಿ-3 ಇಲ್ಲದಂತೆ ಬೆಳೆಸಿದ ಇಲಿಗಳು 3 ತಿಂಗಳ ಪ್ರಾಯದಲ್ಲಿ ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬೀಳಲಿಲ್ಲ. 6 ತಿಂಗಳಾಗುವಷ್ಟರಲ್ಲಿ ಅವುಗಳ ನೆನಪು ಕುಗ್ಗಿದ್ದುದು 2010ರಲ್ಲಿ ವರದಿಯಾಯಿತು. ಇನ್ನೊಂದೆಡೆ, ಮಿದುಳಿಗೆ ರಕ್ತಪೂರೈಕೆ ಕಡಿದಾಗ ಸತು ನರಕೋಶಗಳೊಳಗೆ ಮಿತಿಮೀರಿ ಸೇರಿ ಅವುಗಳ ಸಾವಿಗೆ ಕಾರಣವಾಗುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಅಲ್ಜೈಮರ್ ರೋಗಿಗಳ ಮಿದುಳಿನ ಅಮೈಲಾಯ್ಡ್ ಗಂಟುಗಳಲ್ಲಿಯೂ ಸತು ಶೇಖರವಾಗಿರುತ್ತದೆ.

ಆಹಾರದಲ್ಲಿ ಎಷ್ಟು?

ಸತುವಿನ ಕೊರತೆಯಿಂದ ಮನುಷ್ಯರ ಬೆಳವಣಿಗೆ ಕುಂಠಿತವಾಗುತ್ತದೆ ಎಂಬುದನ್ನು 1960ರ ದಶಕದಲ್ಲಿ ಇರಾನ್ ಮತ್ತು ಈಜಿಪ್ಟ್‌ನಲ್ಲಿ ಬೆಳಕಿಗೆ ತಂದವರಲ್ಲಿ ಬಿಹಾರ ಮೂಲದ ವೈದ್ಯ ಆನಂದ ಪ್ರಸಾದ್ ಪ್ರಮುಖರು. ಐಸಿಎಂಆರ್ 2020ರಲ್ಲಿ ಮಾಡಿದ ಶಿಫಾರಸಿನಂತೆ ದಿನಕ್ಕೆ ವಯಸ್ಕ ಪುರುಷರಿಗೆ 17 ಮಿಲಿಗ್ರಾಂ, ಮಹಿಳೆಯರಿಗೆ 13.2 ಮಿಲಿಗ್ರಾಂ ಸತು ಬೇಕು. ಮಾಂಸ, ಮೊಟ್ಟೆ, ಬೇಳೆಕಾಳು, ಎಳ್ಳುಗಳಲ್ಲಿ ಅದು ದೊರೆಯುತ್ತದೆ. ರಾಗಿ, ಗೋಧಿ ಹಾಗೂ ಕಾಳುಗಳಲ್ಲಿರುವ ಫೈಟೇಟ್ ಅಂಶ ಸತುವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಕಾಳು ನೆನೆಸಿ ಮೊಳಕೆ ಕಟ್ಟುವುದು, ಹಿಟ್ಟು ಹುದುಗಿಸುವುದು ಈ ಅಡ್ಡಿಯನ್ನು ತಗ್ಗಿಸುತ್ತವೆ.

ಬಹುಕಾಲ ಮಿತಿಮೀರಿ ಜಿಂಕ್ ಸೇವಿಸಿದರೆ ದೇಹದಲ್ಲಿ ತಾಮ್ರದ ಕೊರತೆಯುಂಟಾಗಿ ರಕ್ತಹೀನತೆ ಕಾಣಿಸಿಕೊಳ್ಳಬಹುದು, ಬೆನ್ನುಹುರಿಗೂ ಹಾನಿಯಾಗಬಹುದು. ಮಿದುಳು ತನಗೆ ಬೇಕಾದ ಸತುವನ್ನು ತಾನೇ ಅಳೆದು, ಬೇಕಾದ ಜಾಗದಲ್ಲಿ ಬಳಸಿಕೊಳ್ಳುತ್ತದೆ. ಆದ್ದರಿಂದ ಕೊರತೆ ಇರುವವರು ವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಳ್ಳಬೇಕು. ಉಳಿದವರಿಗೆ ಸಮತೋಲಿತ ಊಟವೇ ಸಾಕು.