ಫಿಲ್ ಫರಾಂಡ್

ಫಿಲ್ ಫರಾಂಡ್ ಅವರು ಅಮೆರಿಕದ ಸಂಗೀತಗಾರರು, ತಂತ್ರಾಂಶ ರಚನಕಾರರು ಹಾಗೂ ಲೇಖಕರು. ಪಾಶ್ಚಾತ್ಯ ಸಂಗೀತವನ್ನು ಕಂಪ್ಯೂಟರಿನಲ್ಲಿ ಸ್ವರಲಿಪಿಗೆ ಇಳಿಸುವ 'ಫಿನಾಲೆ' ತಂತ್ರಾಂಶದ ಮೂಲ ಕರ್ತೃ ಇವರೇ. 'ಸ್ಟಾರ್ ಟ್ರೆಕ್' ಮೊದಲಾದ ದೂರದರ್ಶನ ಧಾರಾವಾಹಿಗಳ ದೋಷಗಳನ್ನು ಹಾಸ್ಯದ ಧಾಟಿಯಲ್ಲಿ ಎತ್ತಿ ತೋರಿಸುವ 'ನಿಟ್‌ಪಿಕರ್ಸ್ ಗೈಡ್' ಪುಸ್ತಕಮಾಲೆಯಿಂದಲೂ ಇವರು ಪ್ರಸಿದ್ಧರಾಗಿದ್ದಾರೆ.

ಸಂಗೀತ ತಂತ್ರಾಂಶ

ಪಾಶ್ಚಾತ್ಯ ಸ್ವರಲಿಪಿಯನ್ನು ಐದು ಗೆರೆಗಳ ಮೇಲೆ ಬರೆಯಲಾಗುತ್ತದೆ. ಹಲವು ವಾದ್ಯಗಳು ಒಟ್ಟಿಗೆ ನುಡಿಯುವ ಕೃತಿಯಲ್ಲಿ ಪ್ರತಿಯೊಂದು ವಾದ್ಯದ ಸ್ವರಗಳೂ ಕಾಲಕ್ಕೆ ಸರಿಯಾಗಿ ಒಂದರ ಕೆಳಗೊಂದು ಹೊಂದಿಕೊಂಡು ನಿಲ್ಲಬೇಕು. ಬಹುಕಾಲ ಈ ಕೆಲಸವನ್ನು ನುರಿತ ಲಿಪಿಕಾರರು ಕೈಯಿಂದಲೇ ಮಾಡುತ್ತಿದ್ದರು. ಫರಾಂಡ್ ಅವರು ಮೊದಲು ಆ್ಯಪಲ್ 2 ಕಂಪ್ಯೂಟರಿಗಾಗಿ 'ಪಾಲಿರೈಟರ್' ಎಂಬ ತಂತ್ರಾಂಶವನ್ನು ರಚಿಸಿದರು. ಅನಂತರ ಅವರು ರೂಪಿಸಿದ 'ಫಿನಾಲೆ'ಯನ್ನು ಕೋಡಾ ಮ್ಯೂಸಿಕ್ ಸಾಫ್ಟ್‌ವೇರ್ ಸಂಸ್ಥೆಯು 1988ರಲ್ಲಿ ಮ್ಯಾಕಿಂತೋಷ್ ಕಂಪ್ಯೂಟರಿಗಾಗಿ ಬಿಡುಗಡೆ ಮಾಡಿತು. ಮುಂದೆ ಅದು ವಿಂಡೋಸ್‌ಗೂ ಬಂದು, ಸಂಗೀತ ರಚನಕಾರರು, ಪ್ರಕಾಶಕರು ಮತ್ತು ಸಂಗೀತ ಶಾಲೆಗಳಲ್ಲಿ ವ್ಯಾಪಕವಾಗಿ ಬಳಕೆಯಾಯಿತು.

ನಿಟ್‌ಪಿಕರ್ಸ್ ಗೈಡ್

'ನಿಟ್‌ಪಿಕಿಂಗ್' ಎಂದರೆ ತಲೆಗೂದಲಿನಿಂದ ಸೀರು ಹೆಕ್ಕುವುದು; ಕನ್ನಡದ 'ಮೊಸರಿನಲ್ಲಿ ಕಲ್ಲು ಹುಡುಕುವುದು' ಎಂಬ ಮಾತಿಗೆ ಇದು ಸಮೀಪವಾದುದು. ಮಾಲೆಯ ಮೊದಲ ಪುಸ್ತಕವು 1993ರಲ್ಲಿ ಪ್ರಕಟವಾಯಿತು. ಇದರ ವಸ್ತು 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಧಾರಾವಾಹಿ. 1994ರಲ್ಲಿ ಮೂಲ 'ಸ್ಟಾರ್ ಟ್ರೆಕ್' ಕುರಿತ ಪುಸ್ತಕವೂ 1995ರಲ್ಲಿ 'ನೆಕ್ಸ್ಟ್ ಜನರೇಷನ್' ಕುರಿತ ಎರಡನೆಯ ಸಂಪುಟವೂ ಬಂದವು. ಬಳಿಕ 'ಡೀಪ್ ಸ್ಪೇಸ್ ನೈನ್' ಮತ್ತು 'ದಿ ಎಕ್ಸ್-ಫೈಲ್ಸ್' ಧಾರಾವಾಹಿಗಳನ್ನು ಕುರಿತ ಪುಸ್ತಕಗಳು ಹೊರಬಂದವು.

ಈ ಪುಸ್ತಕಗಳು ಕಂತುಗಳನ್ನು ಒಂದೊಂದಾಗಿ ಪರಿಶೀಲಿಸುತ್ತವೆ. ಕಥೆಯ ಸಂಕ್ಷಿಪ್ತ ಸಾರಾಂಶದ ನಂತರ ಕಥೆಯ ಲೋಪಗಳು, ಬದಲಾದ ಪೂರ್ವಕಲ್ಪನೆಗಳು, ಉಪಕರಣಗಳ ವೈಚಿತ್ರ್ಯಗಳು ಹಾಗೂ ಚಿತ್ರೀಕರಣದ ತಪ್ಪುಗಳನ್ನು ಬೇರೆಬೇರೆಯಾಗಿ ವಿಂಗಡಿಸಲಾಗಿದೆ. ಮೆಚ್ಚುಗೆಗೆ ಪಾತ್ರವಾದ ಸಂಭಾಷಣೆಗಳಿಗೂ ಸ್ಥಾನವಿದೆ. ಧಾರಾವಾಹಿಯ ವೀಕ್ಷಕರಲ್ಲಿ ಹೆಸರಾದ ಒಂದು ದೋಷವನ್ನು ಉದಾಹರಣೆಯಾಗಿ ನೋಡಬಹುದು: 'ನೆಕ್ಸ್ಟ್ ಜನರೇಷನ್'ನ ಡೇಟಾ ಎಂಬ ಯಂತ್ರಮಾನವನಿಗೆ ಇಂಗ್ಲಿಷಿನ 'ಡೋಂಟ್', 'ಕಾಂಟ್'ಗಳಂತಹ ಸಂಕ್ಷಿಪ್ತ ರೂಪಗಳನ್ನು ಆಡಲು ಬಾರದೆಂದು ಒಂದು ಕಂತು ಹೇಳುತ್ತದೆ, ಆದರೆ ಬೇರೆ ಕಂತುಗಳಲ್ಲಿ ಅವನು ಅವುಗಳನ್ನು ಆಡುವುದು ಕೇಳಿಬರುತ್ತದೆ. ದೂರದ ಭವಿಷ್ಯದ ಕಥೆಯನ್ನು ನಂಬಲು ಸಿದ್ಧನಿರುವ ಪ್ರೇಕ್ಷಕನೂ, ಕಥೆಯು ತನ್ನದೇ ನಿಯಮಗಳನ್ನು ಪಾಲಿಸಬೇಕೆಂದು ನಿರೀಕ್ಷಿಸುತ್ತಾನೆ. ಈ ವಿಮರ್ಶೆಯ ಆಧಾರ ಅದೇ ನಿರೀಕ್ಷೆ. ಹುಳುಕು ಹುಡುಕುವ ಕೆಲಸವು ಕಹಿಯಿಲ್ಲದೆ, ಸಂತೋಷದಿಂದ ನಡೆಯಬೇಕೆಂಬುದು ಫರಾಂಡ್ ಅವರ ನಿಲುವು. ತಪ್ಪುಗಳನ್ನು ಗುರುತಿಸಿ ಬರೆದು ಕಳುಹಿಸಿದ ಓದುಗರು 'ನಿಟ್‌ಪಿಕರ್ಸ್ ಗಿಲ್ಡ್' ಎಂಬ ಬಳಗದ ಸದಸ್ಯರಾಗುತ್ತಿದ್ದರು.

ಅನಧಿಕೃತ ಕೈಪಿಡಿಗಳ ಪ್ರಶ್ನೆ

ಈ ಪುಸ್ತಕಗಳು ಧಾರಾವಾಹಿ ನಿರ್ಮಾಪಕರ ಅಧಿಕೃತ ಪ್ರಕಟಣೆಗಳಲ್ಲ. 'ದಿ ಜಾಯ್ ಆಫ್ ಟ್ರೆಕ್' ಎಂಬ ಬೇರೊಬ್ಬ ಲೇಖಕರ ಅನಧಿಕೃತ ಪುಸ್ತಕದ ವಿರುದ್ಧ ಪ್ಯಾರಾಮೌಂಟ್ ಸಂಸ್ಥೆ ಮೊಕದ್ದಮೆ ಹೂಡಿತು. 1998ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು ಆ ಪುಸ್ತಕದ ಮಾರಾಟಕ್ಕೆ ತಡೆಯಾಜ್ಞೆ ನೀಡಿತು. ವಿಮರ್ಶೆಗೆಂದು ಕಥೆಯನ್ನು ಎಷ್ಟರಮಟ್ಟಿಗೆ ಮರಳಿ ಹೇಳಬಹುದು ಎಂಬ ಪ್ರಶ್ನೆಯು ಇದರಿಂದ ಇಂತಹ ಪುಸ್ತಕಗಳ ಪ್ರಕಾಶಕರೆಲ್ಲರಿಗೂ ಮುಖ್ಯವಾಯಿತು.

ಫಿನಾಲೆಯ ಮುಕ್ತಾಯ

2024ರ ಆಗಸ್ಟ್‌ನಲ್ಲಿ, ಆಗ ಫಿನಾಲೆಯ ಒಡೆತನ ಹೊಂದಿದ್ದ ಮೇಕ್‌ಮ್ಯೂಸಿಕ್ ಸಂಸ್ಥೆಯು ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಒಂದು ವರ್ಷದ ನಂತರ ಹೊಸ ಕಂಪ್ಯೂಟರುಗಳಲ್ಲಿ ಅದನ್ನು ಸಕ್ರಿಯಗೊಳಿಸಲು ಆಗದೆಂದೂ ಮೊದಲು ತಿಳಿಸಿತ್ತು. ದಶಕಗಳ ರಚನೆಗಳನ್ನು ಅದರಲ್ಲಿಯೇ ಉಳಿಸಿಕೊಂಡಿದ್ದ ಸಂಗೀತಗಾರರು ಆಕ್ಷೇಪಿಸಿದ ಮೇಲೆ ಸಂಸ್ಥೆಯು ಈ ಗಡುವನ್ನು ಕೈಬಿಟ್ಟಿತು.