ಕೆರೆಯ ಅಂತರಗಂಗೆಯಿಂದ ಅಡುಗೆ ಗ್ಯಾಸ್ ಆಗುತ್ತಾ? ಇಲ್ಲಿದೆ ಲೆಕ್ಕ

ಹೊಳಲ್ಕೆರೆ: ಮಳೆ ಬಂದು ಕೆರೆ ತುಂಬಿದರೆ ಎಲ್ಲರಿಗೂ ಖುಷಿ. ಆದರೆ ಊರ ಚರಂಡಿ ನೀರೂ ಸೇರುವ ಕೆರೆಗಳಲ್ಲಿ ನೀರಿನ ಹಿಂದೆಯೇ ಅಂತರಗಂಗೆ ಹಬ್ಬುತ್ತೆ. ದುಡ್ಡು ಕೊಟ್ಟು ತೆಗೆಸಿ ಏರಿ ಪಕ್ಕ ರಾಶಿ ಹಾಕಿದರೆ ಮುಂದಿನ ಮಳೆಗೆ ಅದರಲ್ಲಿ ಒಂದಿಷ್ಟು ಮತ್ತೆ ಕೆರೆಗೇ ಜಾರುತ್ತೆ. ಈ ರಾಶಿಯಿಂದ ಒಲೆ ಉರಿಸಬಹುದಾ? ಉರಿಸಬಹುದು. ಆದರೆ ಗೋಬರ್ ಗ್ಯಾಸ್ ಗುಂಡಿಗೆ ಹಾಗೇ ಸುರಿದರೆ ಬರ್ತಾ ಇರುವ ಗ್ಯಾಸೂ ನಿಂತು ಹೋಗಬಹುದು.

ಯಾವ ಗಿಡ?

ಎಲೆಕೋಸಿನಂತೆ ಕಾಣುವ ಸಣ್ಣ ಗಿಡಕ್ಕೂ ನಮ್ಮಲ್ಲಿ ಅಂತರಗಂಗೆ ಅಂತಲೇ ಹೆಸರು. ಇಲ್ಲಿ ಹೇಳುತ್ತಿರುವುದು ಉಬ್ಬಿದ ತೊಟ್ಟಿನ, ತಿಳಿನೇರಳೆ ಹೂವಿನ ವಾಟರ್ ಹಯಸಿಂತ್ ಬಗ್ಗೆ. ದಕ್ಷಿಣ ಅಮೆರಿಕದ ಈ ಗಿಡ 19ನೇ ಶತಮಾನದ ಕೊನೆಯಲ್ಲಿ ಚಂದದ ಹೂವೆಂದು ಬಂಗಾಳಕ್ಕೆ ಬಂತು. ಬಿಸಿಲು, ಕೊಳಚೆ ನೀರು ಎರಡೂ ಸಿಕ್ಕರೆ ಸುಮಾರು ಎರಡು ವಾರದಲ್ಲಿ ದುಪ್ಪಟ್ಟಾಗುತ್ತೆ.

ಬೆಂಗಳೂರಿನಲ್ಲಿ ನಡೆದ ಕೆಲಸ

ಹಳ್ಳಿ ಮನೆಗಳಿಗೆ 'ಅಸ್ತ್ರ ಒಲೆ' ಕೊಟ್ಟ ಸಂಸ್ಥೆ ಹಲವರಿಗೆ ನೆನಪಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಶುರುವಾದ ಕೇಂದ್ರವೇ ಅಸ್ತ್ರ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಗ್ಯಾಸಿನಿಂದ ಕರೆಂಟ್ ಮಾಡಿ ದೀಪ ಹಚ್ಚಿದ್ದು, ನೀರೆತ್ತಿದ್ದು ಇವರೇ. ಸಗಣಿ ಸಾಲದ ಕಡೆ ಸೊಪ್ಪುಸದೆಯಿಂದಲೇ ಗ್ಯಾಸ್ ತೆಗೆಯುವ ಕೆಲಸವನ್ನೂ ಇಲ್ಲೇ ಎಚ್.ಎನ್. ಚಾಣಕ್ಯ ಮತ್ತು ಜೊತೆಗಾರರು ಮಾಡಿದರು. ಅಂತರಗಂಗೆಯ ಮೇಲಿನ ಅವರ ಪ್ರಯೋಗದ ವರದಿ 1993ರಲ್ಲಿ ಪ್ರಕಟವಾಯಿತು.

ತೊಡಕು ಇರುವುದು ತೊಟ್ಟಿನಲ್ಲಿ. ಅದರೊಳಗೆ ಗಾಳಿ ತುಂಬಿರುವುದರಿಂದ ಗಿಡ ಕೆರೆಯಲ್ಲಿ ತೇಲಿದಂತೆ ಗುಂಡಿಯಲ್ಲೂ ತೇಲುತ್ತೆ, ಮೇಲೆ ಗಟ್ಟಿ ಕೆನೆ ಕಟ್ಟಿ ಗ್ಯಾಸಿನ ದಾರಿ ಮುಚ್ಚುತ್ತೆ. ಅಸ್ತ್ರದವರು ಗಿಡವನ್ನು ನೀರಿನಲ್ಲಿ ಮುಳುಗಿಸುವ ಗೋಜಿಗೇ ಹೋಗಲಿಲ್ಲ. ಕೊಳೆತ ಸೊಪ್ಪಿನ ಹಾಸಿನ ಮೇಲೆ ಹೊಸ ಸೊಪ್ಪು ಹಾಕಿ, ತಳಕ್ಕೆ ಇಳಿದ ರಸವನ್ನೇ ಮತ್ತೆ ಮೇಲೆ ಚಿಮುಕಿಸಿದರು. ಸೊಪ್ಪನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಷ್ಟು ತೇವ ಸಾಕು.

ಎಷ್ಟು ಸಿಗುತ್ತೆ?

ಗಿಡದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾಗ ನೀರೇ. ಒಂದು ಕ್ವಿಂಟಲ್ ಹಸಿ ಗಿಡದಿಂದ ಒಂದು ಘನ ಮೀಟರ್ ಆಸುಪಾಸು ಗ್ಯಾಸ್ ಬರಬಹುದು. ಅಷ್ಟೇ ಗ್ಯಾಸಿಗೆ ಸಗಣಿಯಾದರೆ 25 ಕೆ.ಜಿ. ಸಾಕು. ಮನೆಗೆ ಬರುವ 14.2 ಕೆ.ಜಿ. ಸಿಲಿಂಡರ್‌ಗೆ ಸರಿಸಮ ಅಂದರೆ ಸುಮಾರು 33 ಘನ ಮೀಟರ್, ಅಂದರೆ ಮೂರು ಟನ್ ಮೇಲೆ ಗಿಡ! ದೂರದಿಂದ ಟ್ರ್ಯಾಕ್ಟರ್‌ನಲ್ಲಿ ತಂದರೆ ಬಾಡಿಗೆ ಕೊಟ್ಟು ನೀರು ಸಾಗಿಸಿದ ಹಾಗೆ. ಕೆರೆ ದಡದಲ್ಲೇ ಗುಂಡಿ ಇದ್ದರೆ ಮಾತ್ರ ಲೆಕ್ಕ ಕೂಡುತ್ತೆ. ಕೀನ್ಯಾದಲ್ಲೂ ಇದನ್ನು ಮಾಡಿ ನೋಡಿದ್ದು ವಿಕ್ಟೋರಿಯಾ ಸರೋವರದ ದಡದ ಕಿಸುಮು ಬಳಿ.

ಇನ್ನೊಂದು ವಿಷಯ. ನಮ್ಮ ಕಡೆ ಬೇಸಿಗೆಗೆ ಕೆರೆ ಬತ್ತಿದರೆ ಗಿಡವೂ ಇಲ್ಲ. ಹಾಗಾಗಿ ದನ ಮಾರಿ ಇದನ್ನೇ ನಂಬುವುದು ಬೇಡ.

ಗುಂಡಿ ಇರುವವರು ಗಮನಿಸಿ

ಮಾಮೂಲಿ ಗೋಬರ್ ಗ್ಯಾಸ್ ಇರುವವರು ಗಿಡವನ್ನು ಒಂದೆರಡು ದಿನ ಬಾಡಿಸಿ, ಸಣ್ಣಗೆ ಕೊಚ್ಚಿ, ತೊಟ್ಟು ಜಜ್ಜಿ, ಸಗಣಿ ಬಗ್ಗಡದಲ್ಲಿ ಕಲಸಿ ಹಾಕಬೇಕು. ಮೊದಲು ಸ್ವಲ್ಪವೇ ಹಾಕಿ ನೋಡಿ. ಬೇರಿನ ಕೆಸರು ತೊಳೆಯದಿದ್ದರೆ ಗುಂಡಿಯ ತಳದಲ್ಲಿ ಮಣ್ಣು ಕೂರುತ್ತೆ.

ಹೋಟೆಲ್‌ನವರು ಕೇಳುವ ಪ್ರಶ್ನೆ, ಇದನ್ನು ಸಿಲಿಂಡರ್‌ಗೆ ತುಂಬಬಹುದಾ? ಮನೆ ಗುಂಡಿಯ ಗ್ಯಾಸ್ ತುಂಬಲು ಬರಲ್ಲ. ಅದರಲ್ಲಿ ಮೀಥೇನ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ, ಒತ್ತಡವೂ ಕಡಿಮೆ. ಪೈಪಿನಲ್ಲಿ ಹತ್ತಿರದ ಒಲೆಗೆ ಒಯ್ಯಬೇಕು, ಒಲೆಯೂ ದೊಡ್ಡ ತೂತಿನ ಬಯೋಗ್ಯಾಸ್ ಒಲೆಯೇ ಆಗಬೇಕು.

ಉಳಿದ ಬಗ್ಗಡ ಒಳ್ಳೆ ಗೊಬ್ಬರ. ಆದರೆ ಅಂತರಗಂಗೆ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಳ್ಳುತ್ತೆ. ಗ್ಯಾರೇಜು, ಕಾರ್ಖಾನೆ ನೀರು ಸೇರುವ ಕೆರೆಯ ಗಿಡವಾದರೆ ಆ ಗೊಬ್ಬರವನ್ನು ಸೊಪ್ಪು, ತರಕಾರಿಗೆ ಹಾಕಬೇಡಿ.

ಗಿಡ ತೆಗೆಯುವ ಮುನ್ನ ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಅಚ್ಚುಕಟ್ಟು 40 ಹೆಕ್ಟೇರ್ ಮೀರಿದ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ.