ಮಂಕ್, ಜಾರ್ಜ್ (1608–1670)

ಇಂಗ್ಲೆಂಡಿನ ಸೇನಾನಿ, ರಾಜಕಾರಣಿ. ಆಲ್ಬಮಾರ್ಲ್‌ನ ಮೊದಲನೆಯ ಡ್ಯೂಕ್. ಡೆವನ್ ಪ್ರಾಂತದ, ಸಾಲದಲ್ಲಿ ಮುಳುಗಿದ್ದ ಹಳೆಯ ಮನೆತನವೊಂದರಲ್ಲಿ ಹುಟ್ಟಿದ. ಯುದ್ಧವಿದ್ಯೆಯಲ್ಲಿ ಪಳಗಿದ್ದು ಡಚ್ಚರ ಸೇವೆಯಲ್ಲಿ. 1637ರ ಬ್ರೆಡಾ ಮುತ್ತಿಗೆಯಲ್ಲಿ ಹೆಸರು ಮಾಡಿದ. ಅಂತರ್ಯುದ್ಧದಲ್ಲಿ ದೊರೆಯ ಪಕ್ಷ ವಹಿಸಿ, 1644ರಲ್ಲಿ ನಾಂಟ್‌ವಿಚ್‌ನಲ್ಲಿ ಸೆರೆಸಿಕ್ಕ. ಬಿಡುಗಡೆಯಾದ ಮೇಲೆ ಪಾರ್ಲಿಮೆಂಟಿನ ಕಡೆ ಸೇರಿ, ಆ ಪಕ್ಷದ ಸೇನಾನಾಯಕ ಕ್ರಾಮ್‌ವೆಲ್‌ನ ವಿಶ್ವಾಸ ಗಳಿಸಿ ಸ್ಕಾಟ್ಲೆಂಡಿನ ಆಡಳಿತ ನಡೆಸಿದ.

ದೊರೆಯಿಲ್ಲದ ಇಂಗ್ಲೆಂಡನ್ನು ಆಳುತ್ತಿದ್ದಾಗಲೇ 1658ರಲ್ಲಿ ಕ್ರಾಮ್‌ವೆಲ್ ತೀರಿಕೊಂಡ. ಮರುವರ್ಷ ಸೇನಾಧಿಕಾರಿಗಳು ಪಾರ್ಲಿಮೆಂಟನ್ನೇ ಹೊರದಬ್ಬಿದರು. ಮಂಕ್‌ನ ಹಿರಿಮೆ ಕಾಣುವುದು ಆ ಗೊಂದಲದಲ್ಲಿ. 1660ರ ಜನವರಿಯ ಕೊರೆಯುವ ಚಳಿಯಲ್ಲಿ ಕೋಲ್ಡ್‌ಸ್ಟ್ರೀಮ್ ಬಳಿ ಟ್ವೀಡ್ ನದಿ ದಾಟಿ, ಮನಸ್ಸಿನಲ್ಲಿದ್ದುದನ್ನು ಯಾರಿಗೂ ಬಿಟ್ಟುಕೊಡದೆ ದಂಡನ್ನು ಲಂಡನ್ನಿಗೆ ನಡೆಸಿದ. 1648ರಲ್ಲಿ ಹೊರಗಟ್ಟಲ್ಪಟ್ಟಿದ್ದ ಸದಸ್ಯರನ್ನು ಮತ್ತೆ ಸಭೆಯೊಳಗೆ ಕೂರಿಸಿ ಹೊಸ ಚುನಾವಣೆಗೆ ದಾರಿ ಮಾಡಿದ. ಮೇ 25ರಂದು ಡೋವರ್‌ನಲ್ಲಿ ಇಳಿದ ಎರಡನೆಯ ಚಾರ್ಲ್ಸ್‌ನನ್ನು ತಾನೇ ಮುಂದೆ ನಿಂತು ಬರಮಾಡಿಕೊಂಡ. ಮತ್ತೊಂದು ಅಂತರ್ಯುದ್ಧವಿಲ್ಲದೆ ರಾಜಪ್ರಭುತ್ವ ಮರಳಿದ್ದು ಬಹುಮಟ್ಟಿಗೆ ಅವನ ತಾಳ್ಮೆಯಿಂದ. ಅವನನ್ನು ಬರಿಯ ಪಕ್ಷಾಂತರಿ ಎಂದುಬಿಡುವುದು ನ್ಯಾಯವಲ್ಲ.

ಡ್ಯೂಕ್ ಪದವಿ ಬಂದದ್ದು ಅದೇ ವರ್ಷ. 1665ರ ಪ್ಲೇಗಿಗೆ ಹೆದರಿ ಆಸ್ಥಾನ ಊರು ಬಿಟ್ಟಾಗ ಅವನು ಲಂಡನ್ನಿನಲ್ಲೇ ಉಳಿದು ಆಡಳಿತ ನೋಡಿಕೊಂಡ. ಮರುವರ್ಷ ಡಚ್ಚರ ವಿರುದ್ಧ ನಾಲ್ಕು ದಿನಗಳ ನೌಕಾಯುದ್ಧದಲ್ಲಿ ಸೆಣಸಿದ. ಅವನ ದಂಡಿನ ಒಂದು ರೆಜಿಮೆಂಟು ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಎಂಬ ಹೆಸರಿನಲ್ಲಿ ಇಂದಿಗೂ ಬ್ರಿಟಿಷ್ ಸೇನೆಯಲ್ಲಿದೆ.